ಆರಿಸದೆ ಬಿಟ್ಟ ಇಂಡಿಕೇಟರ್

ಬೈಕ್ ಓಡಿಸಲು ಕಲಿತ ಹೊಸತರಲ್ಲಿ ಒಮ್ಮೆ, ತಿರುವು ಮುಗಿದ ಮೇಲೂ ಇಂಡಿಕೇಟರ್ ಆರಿಸುವುದನ್ನು ಮರೆತು ನೇರವಾಗಿ ಸಾಗುತ್ತಿದ್ದೆ. ಮುಂದಿನ ಅಡ್ಡರಸ್ತೆಯಲ್ಲಿ ಕಾಯುತ್ತಿದ್ದ ಕಾರಿನವರು, ನಾನು ಆ ರಸ್ತೆಗೇ ತಿರುಗುತ್ತೇನೆಂದು ನಂಬಿ ಮುಂದಕ್ಕೆ ಬಂದರು. ಇಬ್ಬರೂ ಬ್ರೇಕ್ ಒತ್ತಿದ್ದರಿಂದ ಅಪಘಾತ ತಪ್ಪಿತು. ಅವರನ್ನು ಬೈಯಲು ಬಾಯಿ ತೆರೆದವನು, ಮೀಟರಿನಲ್ಲಿ ಇನ್ನೂ ಮಿನುಗುತ್ತಿದ್ದ ಹಸಿರು ಬಾಣದ ಗುರುತನ್ನು ಕಂಡು ಸುಮ್ಮನಾದೆ.

ಕಾರಿನಲ್ಲಿ ಸ್ಟೀರಿಂಗ್ ನೇರವಾದಾಗ ಇಂಡಿಕೇಟರ್ ಸಾಮಾನ್ಯವಾಗಿ ತಾನೇ ಆರುತ್ತದೆ; ಹೆಚ್ಚಿನ ಬೈಕುಗಳಲ್ಲಿ ಅದು ಹೆಬ್ಬೆರಳಿನ ಕೆಲಸ. ಹಾಗಾಗಿ ಪ್ರತಿ ತಿರುವಿನ ನಂತರ, ದೀಪ ಉರಿಯುತ್ತಿರಲಿ ಬಿಡಲಿ, ಸ್ವಿಚ್ಚನ್ನು ಒಮ್ಮೆ ಒತ್ತುವುದನ್ನು ರೂಢಿಸಿಕೊಂಡೆ.

ಇಂಡಿಕೇಟರನ್ನು ಯಾವಾಗ ಹಾಕಬೇಕೆಂಬುದನ್ನು ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಮೊದಲೆಲ್ಲ ಬ್ರೇಕ್ ಹಿಡಿದು, ತಿರುಗುವ ಹೊತ್ತಿಗೆ ಹಾಕುತ್ತಿದ್ದೆ. ಬ್ರೇಕ್ ಲೈಟ್ ವೇಗ ತಗ್ಗುತ್ತಿದೆಯೆಂದಷ್ಟೇ ಹೇಳುತ್ತದೆ, ಎತ್ತ ಹೋಗುತ್ತೇನೆಂದು ಹೇಳುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡಿಗೆ 50 ಮೀಟರ್ ಕಳೆದುಹೋಗುವುದರಿಂದ, ಹಿಂದಿನವರಿಗೆ ಆ ಸುದ್ದಿ ತಲುಪುವಾಗ ತಡವಾಗಿರುತ್ತದೆ. ಈಗ ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಅನಂತರವೇ ಬ್ರೇಕ್. ಆದರೆ ನನ್ನ ತಿರುವಿಗೆ ಮುಂಚೆ ಇನ್ನೊಂದು ಅಡ್ಡರಸ್ತೆ ಇದ್ದರೆ ಅದನ್ನು ದಾಟುವವರೆಗೆ ಇಂಡಿಕೇಟರ್ ಹಾಕುವುದಿಲ್ಲ, ಏಕೆಂದರೆ ಬಹಳ ಬೇಗ ಹಾಕಿದರೆ ಅಂದಿನ ತಪ್ಪೇ ಮರುಕಳಿಸುತ್ತದೆ. ಗೇರ್ ಇಳಿಸಿ ನಿಧಾನಿಸುವಾಗ ಬ್ರೇಕ್ ಲೈಟ್ ಹೊತ್ತಿಕೊಳ್ಳುವುದಿಲ್ಲವೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ, ನನಗೂ ಬಂದಿರಲಿಲ್ಲ. ಹಿಂದೆ ವಾಹನವಿದ್ದರೆ ಬ್ರೇಕನ್ನು ದೀಪ ಹೊತ್ತಿಕೊಳ್ಳುವಷ್ಟು ಮಾತ್ರ ಮುಟ್ಟುತ್ತೇನೆ.

ನಾಲ್ಕು ದಾರಿ ಕೂಡುವಲ್ಲಿ ನೇರವಾಗಿ ಹೋಗುವುದನ್ನು ಸೂಚಿಸಲು ಹಜಾರ್ಡ್ ಲೈಟ್, ಅಂದರೆ ಎರಡೂ ಬದಿಯ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸುವ ದೀಪ, ಹಾಕುವ ಅಭ್ಯಾಸವನ್ನಂತೂ ನಾನು ಒಪ್ಪುವುದಿಲ್ಲ. ಪಕ್ಕದಿಂದ ನೋಡುವವರಿಗೆ ಒಂದು ಬದಿಯ ದೀಪವಷ್ಟೇ ಕಾಣುವುದರಿಂದ, ಅವರು ಅದನ್ನು ತಿರುವಿನ ಸೂಚನೆಯೆಂದೇ ಓದುತ್ತಾರೆ. ಕೆಟ್ಟು ನಿಂತ ವಾಹನಕ್ಕೆ ಮೀಸಲಾಗಬೇಕಾದ ದೀಪವದು.

ಇಂಡಿಕೇಟರ್ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗುತ್ತದೆ. ನನ್ನ ಹಳೆಯ ಗಾಡಿಯಲ್ಲಿ ಒಂದು ಬದಿಯದು ಏಕಾಏಕಿ ವೇಗವಾಗಿ ಮಿನುಗತೊಡಗಿದರೆ, ಆ ಬದಿಯ ಬಲ್ಬೊಂದು ಸುಟ್ಟಿದೆಯೆಂದು ತಿಳಿದು ಅಂದೇ ಬದಲಿಸುತ್ತಿದ್ದೆ.

ಅಡ್ಡರಸ್ತೆಯಲ್ಲಿ ಕಾಯುವ ಸರದಿ ನನ್ನದಾದಾಗ, ಬರುವ ವಾಹನದ ಇಂಡಿಕೇಟರ್ ಮಿನುಗುತ್ತಿದ್ದರೂ, ಅದರ ವೇಗ ತಗ್ಗಿ ಮುಂದಿನ ಚಕ್ರ ಹೊರಳುವವರೆಗೆ ನಾನು ಕದಲುವುದಿಲ್ಲ.