ಫೋಟೊ ಎಡಿಟಿಂಗ್‌ಗೆ ಉಚಿತ ತಂತ್ರಾಂಶ: ನಿಮ್ಮ ಕೆಲಸಕ್ಕೆ ಯಾವುದು ಸರಿ?

ಫೋಟೊಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲಾಗದೆ ಕ್ರ್ಯಾಕ್ ಮಾಡಿದ ಪ್ರತಿ ಹಾಕಿಕೊಂಡು ಕೆಲಸ ಮಾಡುವ ಸ್ಟುಡಿಯೊ, ಡಿಟಿಪಿ ಅಂಗಡಿಗಳು ಇನ್ನೂ ಇವೆ. ಅದರ ಜೊತೆ ವೈರಸ್ ನುಗ್ಗಿದರೆ ಗಿರಾಕಿಗಳ ಮದುವೆ ಫೋಟೊಗಳೇ ಹೋಗಬಹುದು. ದುಡ್ಡು ಕೊಡದೆ, ಕಾನೂನು ಮೀರದೆ ಬಳಸಬಹುದಾದ ತಂತ್ರಾಂಶಗಳು ಇರುವಾಗ ಈ ಅಪಾಯ ಬೇಡ.

ಮೊದಲು ನಿಮ್ಮ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೈಗೆ ಬರುವ ಫೈಲ್ ಯಾವ ಬಗೆಯದು? ನೀವು ಕೊಡುವುದು ವಾಟ್ಸ್‌ಆ್ಯಪ್‌ಗೋ, ಪ್ರೆಸ್ಸಿಗೋ? ಕಂಪ್ಯೂಟರಿನ ರ್‍ಯಾಮ್ ಎಷ್ಟು?

ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ ಚಿತ್ರದ) ಫೈಲ್‌ಗಳೇ ಹೆಚ್ಚಾಗಿದ್ದರೆ ಡಾರ್ಕ್‌ಟೇಬಲ್ ನೋಡಿ. ಮೂಲ ಫೈಲನ್ನು ಅದು ಮುಟ್ಟುವುದಿಲ್ಲ, ನೀವು ಮಾಡಿದ ತಿದ್ದುಪಡಿಯನ್ನು ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಬ್ರಷ್ ಹಿಡಿದು ಚಿತ್ರ ಬರೆಯುವವರಿಗೆ ಕ್ರಿತಾ, ಲೋಗೊ ಮಾಡುವವರಿಗೆ ಇಂಕ್‌ಸ್ಕೇಪ್. ಫೋಟೊ ಕತ್ತರಿಸುವುದು, ಹಿನ್ನೆಲೆ ಬದಲಿಸುವುದು, ಹಳೆಯ ಫೋಟೊದ ಗೀರು ಅಳಿಸುವುದು ದಿನದ ಕೆಲಸವಾದರೆ ಗಿಂಪ್. 1996ರಿಂದ ಬಳಕೆಯಲ್ಲಿರುವ ಗಿಂಪ್‌ನ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು. ಒಮ್ಮೆ ಹಾಕಿದ ಫಿಲ್ಟರನ್ನು ಆಮೇಲೂ ಬದಲಿಸುವ ಸೌಲಭ್ಯ ಇದರಲ್ಲಿದೆ. ಹಳೆಯ ಆವೃತ್ತಿ ನೋಡಿ ಬೇಸತ್ತವರು ಇನ್ನೊಮ್ಮೆ ನೋಡಲೇಬೇಕು.

ಗಿರಾಕಿ ಫೋಟೊಶಾಪ್‌ನ ಪಿಎಸ್‌ಡಿ ಫೈಲ್ ತಂದರೆ? ಗಿಂಪ್ ತೆರೆಯುತ್ತದೆ, ಆದರೆ ಅಕ್ಷರದ ಲೇಯರ್ (ಪದರ) ತಿದ್ದಲಾಗದ ಚಿತ್ರವಾಗಿಬಿಡುವುದುಂಟು. ಅಂಥ ಕೆಲಸಕ್ಕೆ ಬ್ರೌಸರಿನಲ್ಲೇ ನಡೆಯುವ ಫೋಟೊಪೀ ವಾಸಿ. ಪಕ್ಕದಲ್ಲಿ ಜಾಹೀರಾತು ಕಾಣುತ್ತದೆ, ಆದರೆ ನೀವು ತೆರೆದ ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಇನ್ನು ಕನ್ನಡದ ಪರೀಕ್ಷೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ತಂತ್ರಾಂಶ ತೆರೆದ ಕೂಡಲೇ ಯೂನಿಕೋಡ್‌ನಲ್ಲಿ ‘ಸ್ವಾತಂತ್ರ್ಯೋತ್ಸವ’, ‘ಸ್ತ್ರೀಶಕ್ತಿ’, ‘ಕಾರ್ಯಕ್ರಮ’ ಎಂದು ಟೈಪ್ ಮಾಡಿ. ‘ತ್ರ್ಯೋ’ದ ಎರಡು ಒತ್ತುಗಳೂ ತಮ್ಮ ಜಾಗದಲ್ಲಿವೆಯೇ, ‘ರ್ಯ’ದ ಅರ್ಕಾವತ್ತು ಅಕ್ಷರದ ಬಲಕ್ಕೆ ನಿಂತಿದೆಯೇ ನೋಡಿ. ಒತ್ತು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಅದರಲ್ಲಿ ಆಮಂತ್ರಣ ಪತ್ರಿಕೆ ಮಾಡಲು ಹೋಗಬೇಡಿ. ಗಿಂಪ್, ಇಂಕ್‌ಸ್ಕೇಪ್ ಎರಡರಲ್ಲೂ ಒತ್ತಕ್ಷರ ಚೆನ್ನಾಗಿ ಕೂಡುತ್ತದೆ. ನೋಟೊ ಸಾನ್ಸ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಮುಂತಾದ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ. ಹಳೆಯ ನುಡಿ ಫಾಂಟಿನ ಬರಹವನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಪ್ರೆಸ್ಸಿಗೆ ಕೊಡುವವರು ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಫೈಲ್ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುವುದು ಪರದೆಯ ಆರ್‌ಜಿಬಿಯಿಂದ (ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಿಂದ) ಸಿಎಂವೈಕೆಗೆ ಬಣ್ಣ ಬದಲಾಗುವಾಗಲೇ. ಕ್ರಿತಾದಲ್ಲಿ ಕೆಲಸದ ಆರಂಭದಿಂದಲೇ ಸಿಎಂವೈಕೆಯಲ್ಲಿ ಕೆಲಸ ಮಾಡಬಹುದು. ಪುಟ ಜೋಡಿಸಿ ಪಿಡಿಎಫ್ ಕೊಡುವುದಕ್ಕೆ ಸ್ಕ್ರೈಬಸ್ ಇದೆ.

ಕೊನೆಗೆ, ನಿಮ್ಮದೇ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿ. ಪಾಸ್‌ಪೋರ್ಟ್ ಅಳತೆಯ ಫೋಟೊ ಇದಕ್ಕೆ ಒಳ್ಳೆಯದು. 35×45 ಮಿ.ಮೀ. ಅಳತೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸುಮಾರು 413×531 ಪಿಕ್ಸೆಲ್ ಆಗುತ್ತದೆ. 4×6 ಇಂಚಿನ ಹಾಳೆಯಲ್ಲಿ ಎಂಟು ಪ್ರತಿ ಕೂರಿಸಿ, ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಅಳೆಯಿರಿ. ಅಳತೆ ಸರಿಬಂದು, ಮರುದಿನ ಅದೇ ಕೆಲಸ ಯಾರನ್ನೂ ಕೇಳದೆ ಮಾಡಲು ಬಂದರೆ ಆ ತಂತ್ರಾಂಶವನ್ನೇ ಇಟ್ಟುಕೊಳ್ಳಿ. ಡೌನ್‌ಲೋಡ್ ಮಾತ್ರ ಅಧಿಕೃತ ತಾಣದಿಂದಲೇ ಆಗಲಿ. ಗಿಂಪ್‌ನದು ಗಿಂಪ್ ಡಾಟ್ ಆರ್ಗ್.