ಯಾವ ಆ್ಯಪ್‌ನ ಕರೆಗೆ ಎಷ್ಟು ಡೇಟಾ? ಸರಿಯಾಗಿ ಅಳೆಯೋದು ಹೀಗೆ

"ಟೆಲಿಗ್ರಾಂ ಡೇಟಾ ತಿನ್ನುತ್ತೆ, ವಾಟ್ಸ್‌ಆ್ಯಪ್ ವಾಸಿ." ಯಾರೋ ಹೇಳಿದ ಇಂಥ ಮಾತು ನಂಬಿ ಆ್ಯಪ್ ಬದಲಿಸುವವರೇ ಜಾಸ್ತಿ. ಅಳೆದು ನೋಡುವವರೂ ಒಂದರಲ್ಲಿ ವಿಡಿಯೊ, ಇನ್ನೊಂದರಲ್ಲಿ ಬರೀ ಮಾತು ಇಟ್ಟುಕೊಂಡು ಹೋಲಿಸುತ್ತಾರೆ.

ಮೊದಲು ತಯಾರಿ. ಫೋಟೊ ಬ್ಯಾಕಪ್, ಆಟೊ ಡೌನ್‌ಲೋಡ್, ವಿಪಿಎನ್ (ಫೋನಿನ ಡೇಟಾವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ) ಎಲ್ಲ ಆಫ್ ಮಾಡಿ. ಡೇಟಾ ಉಳಿಸುತ್ತೇವೆ ಎನ್ನುವ ಪುಕ್ಕಟೆ ಆ್ಯಪ್‌ಗಳಿದ್ದರೆ ತೆಗೆದುಹಾಕಿ. ಅವುಗಳಲ್ಲಿ ಎಷ್ಟೋ ತಾವೇ ವಿಪಿಎನ್ ತೆರೆದು ಕೂತಿರುತ್ತವೆ.

ಎರಡನೆಯದು ಎಣಿಕೆ. ವಾಟ್ಸ್‌ಆ್ಯಪ್‌ನ 'ನೆಟ್‌ವರ್ಕ್ ಯೂಸೇಜ್', ಟೆಲಿಗ್ರಾಂನ 'ಡೇಟಾ ಯೂಸೇಜ್' ಪುಟಗಳಲ್ಲಿ ಕರೆಯ ಲೆಕ್ಕ ಬೇರೆಯೇ ಇರುತ್ತದೆ. ಕರೆಗೆ ಮುಂಚೆ ರೀಸೆಟ್ ಒತ್ತಿ. ಸಿಗ್ನಲ್ ಎಂಬ ಆ್ಯಪ್‌ಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್‌ವಾರು ಲೆಕ್ಕ ನೋಡಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಕರೆಯ ದಾರಿಯಲ್ಲಿ. ಇಬ್ಬರ ಕರೆ ಒಂದು ಫೋನಿನಿಂದ ಇನ್ನೊಂದಕ್ಕೆ ನೇರ ಹೋಗಬಹುದು, ಇದೇ ಪೀರ್-ಟು-ಪೀರ್. ಇಲ್ಲವೇ ಕಂಪನಿಯ ಸರ್ವರ್ ಹಾದು ಹೋಗಬಹುದು. ಎರಡೂ ಫೋನ್ ಮನೆಯ ಒಂದೇ ವೈಫೈನಲ್ಲಿದ್ದರೆ ನೇರ ಕರೆ ರೂಟರ್‌ನಲ್ಲೇ ತಿರುಗಿಬಿಡುತ್ತದೆ, ಹೊರಗಿನ ಇಂಟರ್‌ನೆಟ್ ಮುಟ್ಟುವುದೇ ಇಲ್ಲ. ಅದು ಪರೀಕ್ಷೆ ಆಗಲ್ಲ. ಹಾಗಾಗಿ ಅಳೆಯುವ ಫೋನ್ ಮೊಬೈಲ್ ಡೇಟಾದಲ್ಲಿರಲಿ, ಇನ್ನೊಂದು ವೈಫೈನಲ್ಲಿ.

ದಾರಿಯ ಸ್ವಿಚ್ಚುಗಳು ಇಲ್ಲಿವೆ: ವಾಟ್ಸ್‌ಆ್ಯಪ್‌ನ ಪ್ರೈವೆಸಿ, ಅಡ್ವಾನ್ಸ್ಡ್ ಒಳಗೆ 'ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್'. ಸಿಗ್ನಲ್‌ನಲ್ಲೂ ಅಲ್ಲೇ 'ಆಲ್ವೇಸ್ ರಿಲೇ ಕಾಲ್ಸ್'. ಎರಡನ್ನೂ ಆನ್ ಮಾಡಿ. ಟೆಲಿಗ್ರಾಂನಲ್ಲಿ ಪ್ರೈವೆಸಿಯ ಕಾಲ್ಸ್ ಒಳಗೆ ಪೀರ್-ಟು-ಪೀರ್ ಇದೆ, ಅದಕ್ಕೆ 'ನೋಬಡಿ' ಕೊಡಿ. ಹೀಗೆ ಮಾಡಿದರೆ ಮೂರೂ ಸರ್ವರ್ ದಾರಿ ಹಿಡಿಯುತ್ತವೆ. ಆಗಲೇ ಹೋಲಿಕೆಗೆ ಅರ್ಥ, ಅಲ್ವಾ?

ಕರೆ ಹತ್ತು ನಿಮಿಷವಾದರೂ ಇರಲಿ. ಮೌನವಿದ್ದಾಗ ಕೆಲವು ಆ್ಯಪ್ ಕಡಿಮೆ ಕಳಿಸುತ್ತವೆ, ಆದ್ದರಿಂದ ಪ್ರತಿ ಸಲ ಎರಡೂ ಕಡೆ ಒಂದೇ ರೆಕಾರ್ಡಿಂಗ್ ಹಚ್ಚಿ. ಕಳಿಸಿದ್ದು, ಬಂದದ್ದು ಎರಡನ್ನೂ ಕೂಡಿಸಿ ನಿಮಿಷಕ್ಕೆ ಭಾಗಿಸಿ.

ಲೆಕ್ಕದ ಅಂದಾಜು ಹೇಳ್ತೀನಿ. ಸೆಕೆಂಡಿಗೆ 24 ಕಿಲೊಬಿಟ್‌ನ ಧ್ವನಿ ಅಂದುಕೊಳ್ಳಿ. ಅದು ಸೆಕೆಂಡಿಗೆ 50 ಪ್ಯಾಕೆಟ್, ಅಂದರೆ ಸಣ್ಣ ತುಂಡುಗಳಾಗಿ ಹೋದರೆ, ಒಂದೊಂದರ ಮೇಲೂ 40 ಬೈಟ್ ವಿಳಾಸದ ಹೊರೆ. ಅದೇ ಇನ್ನೂ 16 ಕಿಲೊಬಿಟ್. ಒಟ್ಟು 40 ಕಿಲೊಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹೀಗೆ ಒಂದು ಕಡೆಗೆ ನಿಮಿಷಕ್ಕೆ 300 ಕಿಲೊಬೈಟ್, ಎರಡೂ ಕಡೆ ಸೇರಿ 600. ವಿಡಿಯೊ ಹಚ್ಚಿದರೆ ಇದರ ಎಷ್ಟೋ ಪಟ್ಟು. ಡೇಟಾ ಉಳಿಯಬೇಕೆಂದರೆ ವಿಡಿಯೊ ಬಿಡಿ. ಬೇರೆ ಯಾವ ಉಪಾಯವೂ ಅಷ್ಟು ಉಳಿಸಲ್ಲ.

ಕೊನೆಗೆ ಸರ್ವರ್ ಸ್ವಿಚ್ಚುಗಳನ್ನು ಹಿಂದಕ್ಕೆ ಹಾಕಿ ಮತ್ತೊಮ್ಮೆ ಅಳೆಯಿರಿ. ಇಬ್ಬರೇ ಮಾತಾಡುವಾಗ ನೇರ ದಾರಿಗೂ ಸರ್ವರ್ ದಾರಿಗೂ ಡೇಟಾದಲ್ಲಿ ಹೆಚ್ಚು ವ್ಯತ್ಯಾಸ ಇರಲ್ಲ. ಸರ್ವರ್ ದೂರ ಇದ್ದರೆ ಮಾತು ಮಾತ್ರ ತಡವಾಗಿ ಕೇಳಬಹುದು. ಪೀರ್-ಟು-ಪೀರ್ ಅಂದರೆ ಡೇಟಾ ನುಂಗುತ್ತೆ ಎಂಬ ಭಯಕ್ಕೆ ಕಾರಣವೂ ಇದೆ. 2003ರಲ್ಲಿ ಬಂದ ಸ್ಕೈಪ್, ಒಳ್ಳೆ ಸಂಪರ್ಕವಿರುವ ಬಳಕೆದಾರರ ಕಂಪ್ಯೂಟರನ್ನು ಸೂಪರ್‌ನೋಡ್ ಮಾಡಿಕೊಂಡು ಬೇರೆಯವರ ಕೆಲಸಕ್ಕೂ ಬಳಸುತ್ತಿತ್ತು. ಮೈಕ್ರೋಸಾಫ್ಟ್ ಕೈಗೆ ಬಂದ ಮೇಲೆ ಅದು ಸರ್ವರ್‌ಗಳಿಗೆ ಸರಿಯಿತು, 2025ರ ಮೇನಲ್ಲಿ ಮುಚ್ಚಿಯೇ ಹೋಯಿತು.

ಗುಂಪು ಕರೆಯ ಕಥೆ ಬೇರೆ. ನಾಲ್ವರು ನೇರ ಕೂಡಿದರೆ ನಿಮ್ಮ ಫೋನ್ ಮೂರು ಪ್ರತಿ ಕಳಿಸಬೇಕು. ಜಿಟ್ಸಿ ಎಂಬ ವಿಡಿಯೊ ಕರೆಯ ಆ್ಯಪ್‌ನಲ್ಲಿ ಇಬ್ಬರಿದ್ದಾಗ ನೇರ ದಾರಿ, ಮೂರನೆಯವರು ಬಂದ ಕೂಡಲೇ ಸರ್ವರ್. ಹಾಗಾಗಿ ಇಬ್ಬರ ಕರೆಯ ಲೆಕ್ಕವನ್ನು ಗುಂಪಿಗೆ ಹಚ್ಚಬೇಡಿ, ಅದನ್ನು ಬೇರೆಯಾಗಿಯೇ ಅಳೆಯಿರಿ.