ಬ್ಯಾಂಡ್ ತೆಗೆದು ಸೇದಿ ನೋಡಿದ ಸಿಗಾರ್

ನಮ್ಮದು ಅರಕಲಗೂಡು ಕಡೆ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ವರ್ಜೀನಿಯಾ ತಂಬಾಕು ಬೆಳೆದು, ಬ್ಯಾರನ್‌ನಲ್ಲಿ (ಸೊಪ್ಪು ಒಣಗಿಸುವ ಮನೆ) ಹದ ಮಾಡಿ, ರಾಮನಾಥಪುರದ ಹರಾಜಿಗೆ ಬೇಲ್ ಹಾಕುತ್ತೇವೆ. ಹಾಗಾಗಿ ಎಲೆ ಮುಟ್ಟಿದರೆ ಅದರ ಹದ ಒಂದಿಷ್ಟು ತಿಳಿಯುತ್ತದೆ. ಆದರೆ ನಮ್ಮ ಸೊಪ್ಪು ಸಿಗರೇಟಿಗೆ ಹೋಗುವಂಥದ್ದು. ಬಿಸಿಗಾಳಿ ಕೊಟ್ಟು ವಾರದೊಳಗೆ ಹಳದಿ ಬರಿಸಿ ಒಣಗಿಸಿಬಿಡುತ್ತೇವೆ. ಸಿಗಾರಿನ ಎಲೆಗೆ ಅಷ್ಟು ಅವಸರ ಇಲ್ಲ. ನೆರಳಲ್ಲಿ ವಾರಗಟ್ಟಲೆ ನೇತುಹಾಕುತ್ತಾರೆ. ಆಮೇಲೆ ರಾಶಿ ಹಾಕಿ ಹುಳಿಯಲು ಬಿಡುತ್ತಾರೆ. ರಾಶಿ ಒಳಗಿಂದಲೇ ಕಾವೇರುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ. ಈ ಕೆಲಸ ಪೂರ್ತಿ ಆಗಿದೆಯೋ ಇಲ್ಲವೋ ಅನ್ನುವುದನ್ನೇ ನಾನು ಮೊದಲು ನೋಡುವುದು. ಬೆಲೆ ಆಮೇಲಿನ ಮಾತು.

ದುಬೈಯಲ್ಲಿರುವ ಭಾವಮೈದುನ ರಜೆಗೆ ಬಂದಾಗ ಕ್ಯೂಬಾದ ಹೆಸರಾಂತ ಬ್ರ್ಯಾಂಡೊಂದರ ಲಿಮಿಟೆಡ್ ಎಡಿಷನ್ ಸಿಗಾರ್ ಮೂರು ತಂದುಕೊಟ್ಟ. 'ಬೆಲೆ ಮಾತ್ರ ಕೇಳ್ಬೇಡಿ ಭಾವ' ಅಂದ. ಕೇಳದೆ ಬಿಡ್ತೀನಾ? ಒಂದಕ್ಕೆ ಕೊಟ್ಟ ದುಡ್ಡಿಗೆ ನಮ್ಮ ಹರಾಜಿನಲ್ಲಿ ಒಳ್ಳೆ ಗ್ರೇಡಿನ ಸೊಪ್ಪು ಕಿಲೋಗಟ್ಟಲೆ ಬರುತ್ತದೆ. ಇದು ತೂಗುವುದು ಹದಿನೈದು ಗ್ರಾಂ ಆಸುಪಾಸು.

ಕ್ಯೂಬಾದವರು ಈ 'ಎಡಿಸಿಯೋನ್ ಲಿಮಿತಾದಾ' ಶುರು ಮಾಡಿದ್ದು 2000ರಲ್ಲಿ. ಸಿಗಾರಿಗೆ ಸುತ್ತಿರುವ ಮಾಮೂಲಿ ಕಾಗದದ ಬ್ಯಾಂಡಿನ ಕೆಳಗೆ ಕಪ್ಪು-ಚಿನ್ನದ ಬಣ್ಣದ ಇನ್ನೊಂದು ಬ್ಯಾಂಡ್, ಅದರ ಮೇಲೆ ವರ್ಷ. ಹೊರ ಎಲೆ ಕಡು ಬಣ್ಣದ್ದು. 2007ರಿಂದ ಒಳಗಿನ ಎಲೆಗಳೂ ಕನಿಷ್ಠ ಎರಡು ವರ್ಷ ಹಳೆಯವು. ಇದು ಒಳ್ಳೆಯ ಮಾತೇ. ಆದರೆ 'ಈಗ ಬಿಟ್ಟರೆ ಮುಂದೆ ಸಿಗಲ್ಲ' ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಎಚ್. ಉಪ್‌ಮನ್ ಮ್ಯಾಗ್ನಂ 50 ಅನ್ನುವ ಕ್ಯೂಬಾ ಸಿಗಾರ್ ಹೀಗೇ 2005ರಲ್ಲಿ ಲಿಮಿಟೆಡ್ ಆಗಿ ಬಂತು. 2008ಕ್ಕೆ ಮಾಮೂಲಿ ಮಾಲಾಯಿತು. ಪಾರ್ತಗಾಸ್ ಡಿ ನಂ. 5 ಕೂಡ 2008ರಲ್ಲಿ ಲಿಮಿಟೆಡ್, 2011ರಲ್ಲಿ ಮಾಮೂಲಿ. ಇನ್ನು ನಕಲಿ ಕಾಟ ಬೇರೆ. ಕ್ಯೂಬಾದ ಕೊಹಿಬಾ ಬ್ರ್ಯಾಂಡಿನದು ಅಂತ ಗಾಜಿನ ಮುಚ್ಚಳದ ಡಬ್ಬಿ ಯಾರಾದರೂ ತೋರಿಸಿದರೆ ಸುಮ್ನೆ ಎದ್ದು ಬನ್ನಿ.

ಕೈಗೆ ಬಂದ ಕೂಡಲೇ ಹಚ್ಚಬಾರದು. ವಿಮಾನದಲ್ಲಿ ಬಂದ ಎಲೆ ಒಣಗಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಅದರ ಉಲ್ಟಾ: ಚಪ್ಪಲಿಗೇ ಬೂಷ್ಟು ಬರುವಾಗ ಸಿಗಾರ್ ಬಿಟ್ಟೀತೇ? ನಾನು ಗಾಳಿಯಾಡದ ಡಬ್ಬಿಗೆ 65 ಪರ್ಸೆಂಟ್ ತೇವ ಹಿಡಿದಿಡುವ ಪೊಟ್ಟಣ ಹಾಕಿ, ಜೊತೆಗೊಂದು ಸಣ್ಣ ತೇವಮಾಪಕ ಇಡುತ್ತೇನೆ. ಅದಕ್ಕೂ ಮೊದಲು ಜಿಪ್ ಕವರ್‌ನಲ್ಲಿ ಹಾಕಿ ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೊಂದು ದಿನ ಫ್ರಿಜ್. ತಂಬಾಕು ಕೊರೆಯುವ ಹುಳದ ಮೊಟ್ಟೆ ಎಲೆಯೊಳಗಿದ್ದರೆ ನಮ್ಮ ಬೇಸಿಗೆಯ ಸೆಕೆಗೆ ಮರಿಯಾಗಿ ಹೊರಬರುತ್ತದೆ. ಅಷ್ಟು ದುಬಾರಿ ಮಾಲಿಗೆ ಸೂಜಿ ಚುಚ್ಚಿದ ಹಾಗೆ ತೂತು ಬಿದ್ದರೆ ಮುಗಿಯಿತು.

ಕೆಲವು ವಾರ ಬಿಟ್ಟು ತೆಗೆದೆ. ಬುಡದಿಂದ (ಬೆಂಕಿ ಹಚ್ಚುವ ತುದಿ) ತಲೆವರೆಗೆ (ಬಾಯಿಗಿಡುವ ತುದಿ) ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಹೋಗುತ್ತೇನೆ. ಟೊಳ್ಳಾಗಿದ್ದ ಕಡೆ ಬೇಗ ಉರಿದು ಬಿಸಿಯಾಗುತ್ತದೆ, ಗಂಟಾಗಿದ್ದ ಕಡೆ ಹೊಗೆ ಬರುವುದಿಲ್ಲ. ಇದು ಒಂದೇ ಸಮ ಇತ್ತು. ಹೊರ ಎಲೆಯಲ್ಲಿ ಎಣ್ಣೆ ಹೊಳಪು, ನರ ಸಣ್ಣ. ಸುತ್ತಿದವರ ಕೈಗೆ ನೂರಕ್ಕೆ ನೂರು ಕೊಡಬಹುದು.

ಆದರೆ ಬುಡ ಮೂಸಿದಾಗ ಅನುಮಾನ ಬಂತು. ಒಳ್ಳೆ ಸಿಗಾರಿನಲ್ಲಿ ಕೊಟ್ಟಿಗೆ ವಾಸನೆ ಇರುತ್ತದೆ: ಒಣಹುಲ್ಲು, ಹಳೇ ಗೊಬ್ಬರ, ಸ್ವಲ್ಪ ಮರ. ಅದು ಒಳ್ಳೆಯ ಲಕ್ಷಣವೇ. ಗಂಜಲದ ಘಾಟು ಮೂಗಿಗೆ ಹೊಡೆದರೆ ಮಾತ್ರ ಹುಳಿಯುವುದು ಇನ್ನೂ ಮುಗಿದಿಲ್ಲ ಅಂತ. ಇದರಲ್ಲಿ ಆ ಘಾಟು ತೆಳುವಾಗಿ ಇತ್ತು. ತಲೆ ಕತ್ತರಿಸಿ, ಬೆಂಕಿ ಹಚ್ಚದೆ ಒಮ್ಮೆ ಎಳೆದೆ. ಗಾಳಿ ಸಲೀಸಾಗಿ ಬಂತು.

ಅದೇ ಬ್ರ್ಯಾಂಡಿನ ಸಾದಾ ಸಿಗಾರ್ ಒಂದೆರಡು ನನ್ನ ಡಬ್ಬಿಯಲ್ಲಿ ಮೊದಲೇ ಇದ್ದವು. ದಪ್ಪ ಹೆಚ್ಚುಕಮ್ಮಿ ಒಂದೇ. ಎರಡರ ಬ್ಯಾಂಡನ್ನೂ ಭಾವಮೈದುನನಿಂದಲೇ ತೆಗೆಸಿದೆ. ಎರಡು ಸಂಜೆ, ಒಂದೇ ಥರದ ಊಟ ಮುಗಿಸಿ, ಜಗಲಿ ಲೈಟ್ ಆರಿಸಿ ಕೂತೆವು. ಬಣ್ಣ ಕಂಡರೆ ಗುರುತು ಸಿಕ್ಕಿಬಿಡುತ್ತದೆ, ಅಲ್ವಾ? ನಿಮಿಷಕ್ಕೊಂದು ದಮ್, ಅಷ್ಟೇ. ಅವಸರ ಮಾಡಿದರೆ ಎಂಥ ಸಿಗಾರೂ ಕಹಿ. ಹೊಗೆ ಎದೆಗೆ ಎಳೆಯುವುದಿಲ್ಲ. ಸಿಗಾರಿನ ಹೊಗೆಯ ನಿಕೋಟಿನ್ ಅನ್ನು ಬಾಯಿಯೇ ಹೀರಿಕೊಳ್ಳುತ್ತದೆ. ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಭಯ ಇದ್ದೇ ಇದೆ. ಅದಕ್ಕೇ ಇದು ನನಗೆ ಅಪರೂಪದ ಚಟ.

ಯಾವುದು ದುಬಾರಿಯದು ಅಂತ ಕತ್ತಲಲ್ಲೂ ಗೊತ್ತಾಯಿತು. ಶುರುವಿನಲ್ಲಿ ಮೆಣಸಿನ ಖಾರ, ನಾಲಿಗೆ ಮೇಲೆ ದಪ್ಪ ಹೊಗೆ. ನಡುವಿಗೆ ಬಂದಾಗ ಕೋಕೋ ಥರದ ಒಂದು ರುಚಿ ಚೆನ್ನಾಗಿ ಬಂತು. ಅದರ ಬೆನ್ನಿಗೇ ಆ ಘಾಟು ಮತ್ತೆ ಎದ್ದಿತು. ಕೊನೆಯ ಭಾಗ ಸೇದಲಾಗದೆ ಬಿಟ್ಟೆ. ಸಾದಾದು ಇಷ್ಟು ಅಬ್ಬರ ಮಾಡಲಿಲ್ಲ. ಹುರಿದ ಕಾಫಿಯ ವಾಸನೆ ಹಿಡಿದು ಬೆರಳು ಸುಡುವ ತನಕ ಒಂದೇ ಹದದಲ್ಲಿ ಹೋಯಿತು. ಸಿಗಾರ್ ಮಾರಾಟಕ್ಕೆ ಬರುವ ಮೂಲ ಡಬ್ಬಿಯ ತಳದಲ್ಲಿ ಕಾರ್ಖಾನೆಯ ಗುರುತಿನ ಪಕ್ಕ ತಿಂಗಳು, ವರ್ಷ ಒತ್ತಿರುತ್ತಾರೆ. ಅದರ ಪ್ರಕಾರ ಈ ಸಾದಾದು ಹಳೇ ಮಾಲು.

'ಹಾಗಾದ್ರೆ ದುಡ್ಡು ದಂಡವಾ ಭಾವ?' ಅಂತ ಕೇಳಿದ.

ದಂಡ ಅನ್ನಲಾರೆ. ಎಲೆ ಒಳ್ಳೆಯದೇ, ಹದಕ್ಕೆ ಬಂದಿಲ್ಲ. ಉಳಿದ ಎರಡನ್ನು ಮೂರ್ನಾಲ್ಕು ವರ್ಷ ಮುಟ್ಟುವುದಿಲ್ಲ, ಆ ಘಾಟು ಹೋದರೆ ಖಂಡಿತ ಸೇದುವಂಥದ್ದು. ಆದರೆ ನನ್ನ ಕೈಯಿಂದ ಆ ಬೆಲೆ ಕೊಟ್ಟು ಕೊಳ್ಳುವುದಿಲ್ಲ. ಆ ಹೆಚ್ಚಿನ ದುಡ್ಡು ಜಾಸ್ತಿ ಹೋಗುವುದು ಎರಡನೇ ಬ್ಯಾಂಡಿಗೇ. ಮುಂದಿನ ಸಲ ಬರುವಾಗ ಸಾದಾ ಸಿಗಾರಿನ ಒಂದು ಡಬ್ಬಿ ಸಾಕು, ತಳದ ತಾರೀಖು ಆದಷ್ಟು ಹಳೆಯದು ನೋಡಿ ತಾ ಅಂದಿದ್ದೇನೆ.